ಒಕ್ಕೂಟ ಬೇಡವೆಂದ ಮೇಲೆ ಮುಂದೇನು?

2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತವು ಆರ್‌ಸಿಇಪಿ ಎಂಬ ಏಷ್ಯಾದ ಬೃಹತ್ ವ್ಯಾಪಾರ ಒಕ್ಕೂಟದಿಂದ ಹಿಂದೆ ಸರಿಯಿತು. ಹೈನುಗಾರರ ಹಿತ ಕಾಯುವ ಆ ನಿರ್ಧಾರವನ್ನು ನಾವು ತಪ್ಪೆನ್ನಲಾರೆವು. ಆದರೆ ಒಂದು ದಾರಿ ಬೇಡವೆಂದವರು ಇನ್ನೊಂದನ್ನು ಹುಡುಕಬೇಕಲ್ಲವೇ?

ಉಳಿದ 15 ರಾಷ್ಟ್ರಗಳ ಒಪ್ಪಂದ 2022ರ ಜನವರಿ 1ರಂದು ಜಾರಿಗೆ ಬಂತು. ಆಸಿಯಾನ್, ಜಪಾನ್, ದಕ್ಷಿಣ ಕೊರಿಯಾಗಳೊಡನೆ ನಮಗೆ ಮೊದಲೇ ಪ್ರತ್ಯೇಕ ಒಪ್ಪಂದಗಳಿದ್ದವು. ಆದರೂ ನಮ್ಮ ಕಡಲುತ್ಪನ್ನಗಳು ಅಮೆರಿಕವನ್ನೇ ನೆಚ್ಚಿಕೊಂಡವು. 2024-25ರ ಸುಮಾರು 62,400 ಕೋಟಿ ರೂಪಾಯಿ ರಫ್ತಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನ ಪಾಲು ಆ ಒಂದೇ ದೇಶಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ ಅದು ಸುಂಕವನ್ನು ಶೇ. 50ಕ್ಕೇರಿಸಿದಾಗ ಸಿಗಡಿ ವ್ಯಾಪಾರ ತತ್ತರಿಸಿತು.

ಈ ಪಾಠ ನಮ್ಮ ಜಿಲ್ಲೆಗೆ ಹೊಸತಲ್ಲ. ಜೊಯಿಡಾದ ಕಾಡಿನಲ್ಲಿ ಹುಟ್ಟುವ ಕಾಳಿ ನದಿ ಕಡಲು ಸೇರುವ ಕಾರವಾರದ ಬಂದರು ಕಬ್ಬಿಣದ ಅದಿರನ್ನೇ ನಂಬಿತ್ತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಷೇಧಿಸಿತು. ಅಕ್ರಮ ಗಣಿಗಾರಿಕೆಯ ಎದುರು ಅದು ಅನಿವಾರ್ಯವಾಗಿತ್ತು, ನಿಜ. ಆದರೆ ದಂಡ ತೆತ್ತವರು ಗಣಿಧಣಿಗಳಲ್ಲ. ಲಾರಿ ಚಾಲಕರು, ಹಮಾಲರು.

ಆಮೇಲೆ ಸರಕಾರ ಕೊಟ್ಟ ಉತ್ತರ ಸಾಗರಮಾಲಾ ಹೆಸರಿನ ಬಂದರು ವಿಸ್ತರಣೆ. ದಡ ಕಳೆದುಕೊಳ್ಳುವೆವೆಂದು ಅಂಜಿದ ಮೀನುಗಾರರು 2020ರ ಜನವರಿಯಲ್ಲಿ ಬೀದಿಗಿಳಿದರು. ಮೀನುಗಾರನ ದಡವನ್ನು ಕಿತ್ತುಕೊಂಡು ಮೀನಿನ ರಫ್ತು ಬೆಳೆಸುವುದು ಯಾವ ನ್ಯಾಯ?

ಒಪ್ಪಂದಕ್ಕೆ ಸಹಿ ಹಾಕುವುದು, ಬಿಡುವುದು ದಿಲ್ಲಿಯ ಅಧಿಕಾರ. ಅದರ ಹೊರೆ ಮಾತ್ರ ಕಡಲ ದಂಡೆಯದು. ಒಂದೇ ಸರಕಿನ ಬಂದರಾಗಲಿ, ಒಂದೇ ಗಿರಾಕಿಯ ರಫ್ತಾಗಲಿ ಬಡವನ ಅನ್ನಕ್ಕೆ ಭದ್ರತೆಯಲ್ಲ. ಮೀನು ಕೆಡದಂತೆ ಕಾಯುವ ಶೀತಲಗೃಹ, ಹಲವು ಮಾರುಕಟ್ಟೆಗಳು, ಯೋಜನೆಗೆ ಮುನ್ನ ಮೀನುಗಾರರ ಸಮ್ಮತಿ: ಇವಿಲ್ಲದೆ ಒಕ್ಕೂಟ ತೊರೆದ ಹೆಮ್ಮೆ ಬರಿಯ ಭಾಷಣವಷ್ಟೆ.