ಅಟ್ಟ ಸೇರಿದ ಕಂಟ್ರೋಲರು

ಮಲೆನಾಡಿನ ಹಲವು ಮನೆಗಳ ಅಟ್ಟದಲ್ಲಿ ಹಳೆಯ ಕಂಬಳಿಕೊಪ್ಪೆ, ಮುರಿದ ದೋಟಿ, ತುಕ್ಕು ಹಿಡಿದ ಕತ್ತಿಗಳ ನಡುವೆ ಈಗ ಮತ್ತೊಂದು ಬಗೆಯ ವಸ್ತುವೂ ಜಾಗ ಹಿಡಿದಿದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೌಕರಿಯಲ್ಲಿರುವ ಮಗನೋ ಅಳಿಯನೋ ಹೊಸದನ್ನು ಕೊಂಡಾಗ ಊರಿಗೆ ತಂದು ಬಿಟ್ಟುಹೋದ ವಿಡಿಯೋ ಗೇಮ್ ಯಂತ್ರ ಮತ್ತು ಅದರ ಕಂಟ್ರೋಲರು. ಯಂತ್ರ ಯಾವುದೋ ಒಂದು ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿರುತ್ತದೆ. ಎರಡು ಕೈಯಲ್ಲಿ ಹಿಡಿಯುವ ಕಂಟ್ರೋಲರು ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ರಜೆಗೆ ಬಂದ ಹುಡುಗನೋ ಹುಡುಗಿಯೋ ಅದನ್ನು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ ನೋಡುತ್ತಾರೆ. ಕೆಂಪು ದೀಪ ಮಿನುಗುತ್ತದೆ, ಗುಂಡಿ ಒತ್ತಿದರೆ ಪರದೆಯ ಮೇಲೆ ಏನೂ ಅಲುಗುವುದಿಲ್ಲ. ‘ಹಾಳಾಗಿದೆ’ ಎಂಬ ತೀರ್ಪಿನೊಂದಿಗೆ ಅದು ಮರಳಿ ಅಟ್ಟಕ್ಕೆ, ಅಲ್ಲಿಂದ ಮುಂದೊಂದು ದಿನ ಹಿತ್ತಿಲಿನ ಕಸದ ಗುಂಡಿಗೆ ಹೋಗುತ್ತದೆ.

ಈ ತೀರ್ಪು ಬಹುಪಾಲು ಸಂದರ್ಭಗಳಲ್ಲಿ ತಪ್ಪು. ವಸ್ತು ಹಾಳಾಗಿಲ್ಲ, ಅದು ಮಾತನಾಡುತ್ತಿಲ್ಲ, ಅಷ್ಟೆ. ಏಕೆ ಮಾತನಾಡುತ್ತಿಲ್ಲ, ಮಾತನಾಡಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಮಕ್ಕಳ ಆಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಕಂಟ್ರೋಲರಿನ ಹೊಟ್ಟೆಯೊಳಗೆ ಇರುವುದು ಒಂದು ಪುಟ್ಟ ಗಣಕ. ಗುಂಡಿಗಳು ಒತ್ತಿವೆಯೇ ಬಿಟ್ಟಿವೆಯೇ, ಹೆಬ್ಬೆರಳಿನ ಎರಡು ಕಡ್ಡಿಗಳು ಯಾವ ದಿಕ್ಕಿಗೆ ಎಷ್ಟು ವಾಲಿವೆ ಎಂಬುದನ್ನು ಅದು ಸೆಕೆಂಡಿಗೆ ನೂರಾರು ಬಾರಿ ಅಳೆದು ತಂತಿಯ ಮೂಲಕವೋ ರೇಡಿಯೋ ಅಲೆಗಳ ಮೂಲಕವೋ ವರದಿ ಕಳಿಸುತ್ತದೆ. ಕೀಲಿಮಣೆ, ಮೌಸ್, ಆಟದ ಕಂಟ್ರೋಲರು ಮುಂತಾದ ಎಲ್ಲ ಕೈಸಾಧನಗಳೂ ಕಂಪ್ಯೂಟರಿನೊಡನೆ ಒಂದೇ ಭಾಷೆಯಲ್ಲಿ ವ್ಯವಹರಿಸಲೆಂದು 1990ರ ದಶಕದ ಉತ್ತರಾರ್ಧದಲ್ಲಿ ಯುಎಸ್‌ಬಿ ವ್ಯವಸ್ಥೆಯೊಳಗೆ ‘ಎಚ್‌ಐಡಿ’ ಎಂಬ ಸಾಮಾನ್ಯ ನಿಯಮಾವಳಿಯನ್ನು ರೂಪಿಸಲಾಯಿತು. ಸಾಧನವನ್ನು ಸಿಕ್ಕಿಸಿದೊಡನೆ ಅದೇ ತನ್ನ ಪರಿಚಯ ಹೇಳಿಕೊಳ್ಳಬೇಕು: ‘ನನಗೆ ಇಷ್ಟು ಗುಂಡಿಗಳಿವೆ, ಇಷ್ಟು ಕಡ್ಡಿಗಳಿವೆ, ನನ್ನ ವರದಿಯನ್ನು ಹೀಗೆ ಓದಿಕೊಳ್ಳಿ’ ಎಂದು. ಹೊಸ ಮೌಸ್ ಕೊಂಡಾಗ ಅದರ ತಯಾರಕ ಯಾರೆಂದು ಯಾರೂ ಕೇಳದಿರುವುದು ಈ ನಿಯಮದ ಕೃಪೆಯಿಂದಲೇ.

ಹಳ್ಳಿಯ ಓದುಗರಿಗೆ ಇದಕ್ಕೆ ಹತ್ತಿರದ ಉದಾಹರಣೆ ಶಾಲೆಯಂಗಳದ ಕೈಪಂಪು. 1970ರ ದಶಕದಲ್ಲಿ ಯುನಿಸೆಫ್ ಸಹಕಾರದೊಂದಿಗೆ ನಮ್ಮ ದೇಶದಲ್ಲಿ ರೂಪುಗೊಂಡ ‘ಇಂಡಿಯಾ ಮಾರ್ಕ್-2’ ಪಂಪಿನ ವಿನ್ಯಾಸವನ್ನು ಯಾರೂ ತಮ್ಮ ಸ್ವತ್ತಾಗಿ ಇರಿಸಿಕೊಳ್ಳಲಿಲ್ಲ. ಅಳತೆಗಳು ಬಹಿರಂಗವಾಗಿದ್ದವು, ಅನೇಕ ಕಾರ್ಖಾನೆಗಳು ಅದನ್ನು ತಯಾರಿಸಿದವು. ಒಬ್ಬರ ಸರಪಳಿ ಇನ್ನೊಬ್ಬರ ಪಂಪಿಗೆ ಕೂಡುತ್ತದೆ. ಪ್ರತಿ ಕಾರ್ಖಾನೆಯೂ ತನ್ನದೇ ಅಳತೆಯ ನಟ್ಟು-ಬೋಲ್ಟು ಹಾಕಿದ್ದರೆ ಎಷ್ಟು ಊರುಗಳ ಪಂಪುಗಳು ಬರೀ ಕಬ್ಬಿಣದ ಕಂಬಗಳಾಗಿ ನಿಂತಿರುತ್ತಿದ್ದವು?

ಆಟದ ಯಂತ್ರಗಳ ಲೋಕದಲ್ಲಿ ನಡೆದದ್ದು ಹೆಚ್ಚುಕಡಿಮೆ ಈ ಎರಡನೆಯ ಕಥೆಯೇ. 2001ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಯಂತ್ರದ ಕಂಟ್ರೋಲರಿನಲ್ಲಿ ಹರಿಯುತ್ತಿದ್ದುದು ಯುಎಸ್‌ಬಿ ಸಂಕೇತವೇ. ತಂತಿಯ ತುದಿಯ ಪ್ಲಗ್ಗಿನ ಆಕಾರ ಮಾತ್ರ ಬೇರೆ. ಒಳಗಿನ ಐದು ತಂತಿಗಳಲ್ಲಿ ನಾಲ್ಕನ್ನು ಸಾಮಾನ್ಯ ಯುಎಸ್‌ಬಿ ತುದಿಗೆ ಬೆಸುಗೆ ಹಾಕಿದರೆ ಕಂಪ್ಯೂಟರು ಅದನ್ನು ಕಾಣುತ್ತದೆ. ಬೀಗದ ಬಾಯಿಯನ್ನು ತುಸು ತಿರುಚಿದ್ದಷ್ಟೇ ಆಗಿದ್ದ ಆ ಅಡೆತಡೆಯನ್ನು ಬೆಸುಗೆಕಡ್ಡಿ ಬಲ್ಲ ಅನೇಕರು ಆಗಲೇ ದಾಟಿದ್ದರು.

ಸೋನಿ ಕಂಪನಿಯ ಪ್ಲೇಸ್ಟೇಷನ್-3 ಯಂತ್ರದ ಜೊತೆ 2006ರಲ್ಲಿ ಬಂದ ‘ಸಿಕ್ಸಾಕ್ಸಿಸ್’ ಮತ್ತು ಮರುವರ್ಷ ಬಂದ ‘ಡ್ಯುಯಲ್‌ಶಾಕ್-3’ ಇನ್ನಷ್ಟು ಕುತೂಹಲಕರ. ಅಟ್ಟದಲ್ಲಿ ಕೆಂಪು ದೀಪ ಮಿನುಗಿಸಿ ಸುಮ್ಮನಾಗುವುದು ಸಾಮಾನ್ಯವಾಗಿ ಇವೇ. ಇವುಗಳ ತಂತಿಯ ತುದಿ ಎಲ್ಲರ ಯುಎಸ್‌ಬಿಯೇ, ಪರಿಚಯಪತ್ರವೂ ಎಚ್‌ಐಡಿ ನಿಯಮದಂತೆಯೇ ಇದೆ. ಆದರೆ ಸಿಕ್ಕಿಸಿದೊಡನೆ ಇವು ವರದಿ ಆರಂಭಿಸುವುದಿಲ್ಲ. ಎದುರಿಗಿರುವ ಯಂತ್ರ ಒಂದು ನಿರ್ದಿಷ್ಟ ಆಜ್ಞೆಯನ್ನು ಕಳಿಸಿದ ಮೇಲಷ್ಟೇ ಬಾಯಿ ತೆರೆಯುತ್ತವೆ. ಪ್ಲೇಸ್ಟೇಷನ್ ಆ ಆಜ್ಞೆಯನ್ನು ಬಲ್ಲದು, ಸಾಮಾನ್ಯ ಕಂಪ್ಯೂಟರು ಅರಿಯದು. ತಂತಿಯಿಲ್ಲದೆ ಬ್ಲೂಟೂತ್ ಮೂಲಕ ಬಳಸುವುದಂತೂ ಇನ್ನೂ ತೊಡಕು. ಬೇರೆ ಬ್ಲೂಟೂತ್ ಸಾಧನಗಳಂತೆ ಇದು ಜೊತೆಗಾರನನ್ನು ಹುಡುಕಿಕೊಳ್ಳುವುದಿಲ್ಲ. ಮೊದಲು ತಂತಿಯ ಮೂಲಕ ಒಡೆಯನ ವಿಳಾಸವನ್ನು ಅದರೊಳಗೆ ಬರೆದಿಡಬೇಕು, ಆಮೇಲೆ ಆ ಒಬ್ಬನನ್ನು ಮಾತ್ರ ಅದು ಕರೆಯುತ್ತದೆ. ಕಂಪನಿಗೆ ಇದರಲ್ಲಿ ದುರುದ್ದೇಶವಿತ್ತೆಂದು ಹೇಳಲಾಗದು. ತನ್ನ ಯಂತ್ರದಾಚೆಗೆ ಆಲೋಚಿಸಬೇಕಾದ ಒತ್ತಾಯ ಅದಕ್ಕಿರಲಿಲ್ಲ ಎಂಬುದೇ ಹೆಚ್ಚು ನಿಜವಿರಬೇಕು. ಕೊಂಡವನ ಪಾಲಿಗೆ ಮಾತ್ರ ಫಲ ಒಂದೇ.

2005ರಲ್ಲಿ ಬಂದ ಎಕ್ಸ್‌ಬಾಕ್ಸ್-360ರಲ್ಲಿ ಎರಡು ಬಗೆಗಳಿದ್ದವು. ತಂತಿಯುಳ್ಳ ಕಂಟ್ರೋಲರಿಗೆ ವಿಂಡೋಸ್‌ನಲ್ಲಿ ಡ್ರೈವರ್ ತಂತ್ರಾಂಶವನ್ನು ಕಂಪನಿಯೇ ಒದಗಿಸಿದ್ದರಿಂದ ತೊಂದರೆಯಿಲ್ಲ. ತಂತಿಯಿಲ್ಲದ್ದು ಬ್ಲೂಟೂತ್ ಅಲ್ಲದ, ಕಂಪನಿಯ ಸ್ವಂತ ರೇಡಿಯೋ ಪದ್ಧತಿಯನ್ನು ಬಳಸುತ್ತದೆ. ಅದಕ್ಕೆ ಪ್ರತ್ಯೇಕ ಗ್ರಾಹಕಪೆಟ್ಟಿಗೆ ಬೇಕು. ಇದರೊಡನೆ ಮಾರಾಟವಾಗುತ್ತಿದ್ದ ಚಾರ್ಜಿಂಗ್ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮೋಸಹೋದವರು ಅಸಂಖ್ಯ. ಆ ತಂತಿಯಲ್ಲಿ ಚಾರ್ಜಿಗೆ ಬೇಕಾದ ವಿದ್ಯುತ್ತು ಹರಿಯುತ್ತದೆ, ಗುಂಡಿಯೊತ್ತುಗೆಯ ಸಂಕೇತ ಹರಿಯುವುದಿಲ್ಲ.

ಹಾಗಾದರೆ ಈ ಮೂಕ ವಸ್ತುಗಳನ್ನು ಮಾತನಾಡಿಸಿದವರು ಯಾರು? ಬಹುಮಟ್ಟಿಗೆ ಸ್ವಯಂಸೇವಕರು. ಕಂಟ್ರೋಲರಿಗೂ ಯಂತ್ರಕ್ಕೂ ನಡುವೆ ಹರಿಯುವ ಸಂಕೇತಗಳನ್ನು ಕದ್ದಾಲಿಸಿ, ಯಾವ ಆಜ್ಞೆಗೆ ಯಾವ ಉತ್ತರ ಬರುತ್ತದೆಂದು ತಾಳ್ಮೆಯಿಂದ ಬರೆದುಕೊಂಡು, ಅದಕ್ಕೆ ತಕ್ಕ ಡ್ರೈವರ್ ರಚಿಸಿ ಹಂಚಿದವರು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ದುಡಿಮೆ ಸಂಚಯವಾಗುತ್ತ ಬಂದಿದೆ. 1990ರ ದಶಕದ ಆಟದ ಕಂಟ್ರೋಲರುಗಳನ್ನು ಕೆಲವು ಡಯೋಡುಗಳ ನೆರವಿನಿಂದ ಹಳೆಯ ಪ್ರಿಂಟರ್ ಪೋರ್ಟಿಗೆ ಜೋಡಿಸುವ ಕ್ರಮವೂ ಅದರ ದಾಖಲೆಗಳಲ್ಲಿದೆ. ಡ್ಯುಯಲ್‌ಶಾಕ್-3 ಬಯಸುವ ಆಜ್ಞೆಯನ್ನು ಲಿನಕ್ಸ್ ಬಹುಕಾಲದಿಂದ ಬಲ್ಲದು. ಹೀಗಾಗಿ ಪೇಟೆಯ ಕಚೇರಿಗಳು ಕೈಬಿಟ್ಟ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡ ಹಳ್ಳಿಯ ವಿದ್ಯಾರ್ಥಿಗೆ ಇದು ತಂತಿ ಸಿಕ್ಕಿಸಿ ನಡುವಿನ ಪಿಎಸ್ ಗುಂಡಿ ಒತ್ತುವಷ್ಟು ಸುಲಭ. ವಿಂಡೋಸ್ ಇರುವವರು ಮೂರನೆಯವರ ಡ್ರೈವರುಗಳನ್ನು ಹುಡುಕಬೇಕಾಗುತ್ತದೆ. ಅವುಗಳಲ್ಲಿ ಒಳ್ಳೆಯವೂ ಉಂಟು, ಕೀಟ ಹೊತ್ತು ತರುವವೂ ಉಂಟು. ಎಲ್ಲಿಂದಲೋ ತಂದ ಅಡಿಕೆ ಸಸಿಯನ್ನು ತೋಟಕ್ಕೆ ಇಡುವ ಮುನ್ನ ಬೇರು ಬಿಡಿಸಿ ನೋಡುವಷ್ಟಾದರೂ ಎಚ್ಚರ ಇಲ್ಲಿ ಬೇಕು.

ಕಂಪನಿಗಳು ಬದಲಾಗಲಾರವು ಎಂದೇನಿಲ್ಲ. 2021ರಲ್ಲಿ ಬಿಡುಗಡೆಯಾದ ಲಿನಕ್ಸ್ 5.12ನೆಯ ಆವೃತ್ತಿಗೆ ಪ್ಲೇಸ್ಟೇಷನ್-5ರ ಕಂಟ್ರೋಲರಿನ ಡ್ರೈವರನ್ನು ಸ್ವತಃ ಸೋನಿ ಕಂಪನಿಯೇ ಬರೆದು ಕೊಟ್ಟಿತು. ಹದಿನೈದು ವರ್ಷಗಳ ಹಿಂದೆ ಯಾರೋ ಕದ್ದಾಲಿಸಿ ತಿಳಿಯಬೇಕಾಗಿದ್ದುದನ್ನು ಈಗ ತಯಾರಕರೇ ತೆರೆದು ಇಟ್ಟಿದ್ದಾರೆ. ಇದು ಮೆಚ್ಚತಕ್ಕ ಸಂಗತಿ.

ಇನ್ನೂ ಗಮನಾರ್ಹವಾದುದು ಗೂಗಲ್‌ನ ‘ಸ್ಟೇಡಿಯಾ’ ಪ್ರಸಂಗ. ಆಟಗಳನ್ನು ದೂರದ ಗಣಕಕೇಂದ್ರಗಳಿಂದ ಅಂತರ್ಜಾಲದ ಮೂಲಕ ಮನೆಗೆ ಹರಿಸುವ ಈ ಸೇವೆ 2019ರ ನವೆಂಬರಿನಲ್ಲಿ ಅಮೆರಿಕ, ಯುರೋಪಿನ ಕೆಲವು ದೇಶಗಳಲ್ಲಿ ಆರಂಭವಾಯಿತು; ಭಾರತಕ್ಕೆ ಬರಲೇ ಇಲ್ಲ. ಅದರ ಕಂಟ್ರೋಲರು ಮನೆಯ ವೈಫೈ ಮೂಲಕ ನೇರವಾಗಿ ಆ ದೂರದ ಗಣಕಗಳೊಡನೆಯೇ ಸಂಪರ್ಕ ಸಾಧಿಸುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಕಂಪನಿ ಸೇವೆಯನ್ನು ನಿಲ್ಲಿಸುವುದಾಗಿ ಘೋಷಿಸಿತು, 2023ರ ಜನವರಿ 18ರಂದು ನಿಲ್ಲಿಸಿಯೂ ಬಿಟ್ಟಿತು. ತಂತಿ ಹಾಕಿದರೆ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತೆಂಬುದನ್ನು ಬಿಟ್ಟರೆ, ಆ ಕಂಟ್ರೋಲರುಗಳ ತಂತಿರಹಿತ ಬಾಳು ಅಂದಿಗೆ ಮುಗಿಯಬೇಕಿತ್ತು. ವಸ್ತು ಹೊಸದು, ಗುಂಡಿಗಳು ಸವೆದಿಲ್ಲ, ಬ್ಯಾಟರಿ ಗಟ್ಟಿ. ಆದರೂ ಸಾವಿರ ಮೈಲಿಯಾಚೆ ಯಾರೋ ಒಂದು ಸ್ವಿಚ್ಚು ಆರಿಸಿದ್ದಕ್ಕೆ ಕಸ!

ಆದರೆ ಅದರೊಳಗೆ ಬ್ಲೂಟೂತ್ ರೇಡಿಯೋ ಮೊದಲಿನಿಂದಲೂ ಇತ್ತು. ಆಟಕ್ಕೆ ಅದನ್ನು ತೆರೆದಿರಲಿಲ್ಲ, ಅಷ್ಟೆ. ಬಳಕೆದಾರರ ಕೋರಿಕೆ ಹೆಚ್ಚಿದಾಗ ಕಂಪನಿ ಸೇವೆ ಮುಚ್ಚಿದ ಅದೇ ವಾರದಲ್ಲಿ ಒಂದು ಉಪಕರಣ-ತಂತ್ರಾಂಶವನ್ನು ಒದಗಿಸಿ, ಕಂಟ್ರೋಲರನ್ನು ಶಾಶ್ವತವಾಗಿ ಸಾಮಾನ್ಯ ಬ್ಲೂಟೂತ್ ಸಾಧನವಾಗಿ ಬದಲಿಸಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಮೊದಲು 2023ರ ಡಿಸೆಂಬರ್ 31ರವರೆಗೆ ಎಂದಿದ್ದ ಗಡುವನ್ನು ಆಮೇಲೆ ವಿಸ್ತರಿಸಲಾಯಿತು. ಕೆಲವೇ ನಿಮಿಷಗಳ ಕೆಲಸದಿಂದ ಸಾಯಬೇಕಿದ್ದ ವಸ್ತು ಯಾವ ಕಂಪ್ಯೂಟರಿಗೂ ಒಗ್ಗುವಂತಾಯಿತು.

ಈ ಔದಾರ್ಯವನ್ನು ಹೊಗಳುವಾಗಲೇ ಒಂದು ಮಾತನ್ನು ಕೇಳಬೇಕಾಗುತ್ತದೆ. ಅದಕ್ಕೆ ಗಡುವು ಏಕೆ? ಗಡುವು ಮೀರಿದ ಮೇಲೆ ಅಟ್ಟದಿಂದ ಕಂಟ್ರೋಲರು ಇಳಿಸಿದವನು ಮಾಡಿದ ತಪ್ಪೇನು? ಕೊಟ್ಟರೆ ಕೊಟ್ಟಂತೆ, ಬಿಟ್ಟರೆ ಬಿಟ್ಟಂತೆ ಎನ್ನುವುದು ದಯೆಯ ಲಕ್ಷಣ. ಹಣ ಕೊಟ್ಟು ಕೊಂಡವನಿಗೆ ಬೇಕಿರುವುದು ದಯೆಯಲ್ಲ.

ತಯಾರಕರ ವಾದವೂ ಉಂಟು. ಎಲ್ಲವನ್ನೂ ತೆರೆದಿಟ್ಟರೆ ಆನ್‌ಲೈನ್ ಆಟಗಳಲ್ಲಿ ಮೋಸ ಹೆಚ್ಚುತ್ತದೆ, ನಕಲಿ ಮಾಲು ಬರುತ್ತದೆ, ಸುರಕ್ಷತೆ ಕೆಡುತ್ತದೆ ಎಂದು. ಮಾರಾಟದಲ್ಲಿರುವ ಯಂತ್ರದ ಮಟ್ಟಿಗೆ ಇದರಲ್ಲಿ ಹುರುಳಿರಬಹುದು. ಕಂಪನಿಯೇ ಕೈಬಿಟ್ಟ ಯಂತ್ರದ ಗುಂಡಿಯೊತ್ತುಗೆಯ ಭಾಷೆಯನ್ನು ಗುಟ್ಟಾಗಿಡುವುದರಿಂದ ಯಾರ ಸುರಕ್ಷತೆ ಹೆಚ್ಚುತ್ತದೆ? ಹೀಗಿದ್ದೂ ಕಾನೂನುಗಳು ಅವರ ಮಾತಿಗೇ ಮಣಿದಿವೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2023ರಲ್ಲಿ ಮಾಡಿದ ‘ದುರಸ್ತಿಯ ಹಕ್ಕು’ ಕಾನೂನು ಫೋನು, ಗೃಹೋಪಯೋಗಿ ಯಂತ್ರಗಳನ್ನೆಲ್ಲ ಒಳಗೊಂಡರೂ ವಿಡಿಯೋ ಗೇಮ್ ಯಂತ್ರಗಳನ್ನು ಹೆಸರಿಸಿಯೇ ಹೊರಗಿಟ್ಟಿತು. ಅದೇ ವರ್ಷ ಕೊಲೊರಾಡೊ ರಾಜ್ಯ ರೈತರಿಗೆ ತಮ್ಮ ಟ್ರ್ಯಾಕ್ಟರುಗಳನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಹಕ್ಕನ್ನು ಕಾನೂನಿನ ಮೂಲಕ ಕೊಟ್ಟಿತು. ಎರಡೂ ಬೇರೆ ಬೇರೆ ಸಂಗತಿಗಳೆಂದು ಕಾಣಬಹುದು. ತಂತ್ರಾಂಶದ ಬೀಗ ಹಾಕಿದ ಟ್ರ್ಯಾಕ್ಟರಿನ ಮುಂದೆ ಕೊಯ್ಲಿನ ದಿನ ಕೈಕಟ್ಟಿ ನಿಂತ ರೈತನಿಗೂ ಕೆಂಪು ದೀಪ ನೋಡುತ್ತ ಕುಳಿತ ವಿದ್ಯಾರ್ಥಿಗೂ ಎದುರಾಗಿರುವ ಬೀಗ ಒಂದೇ ಜಾತಿಯದು. ಭಾರತ ಸರಕಾರ 2022ರ ಡಿಸೆಂಬರ್ 24ರಂದು ಆರಂಭಿಸಿದ ದುರಸ್ತಿ ಹಕ್ಕಿನ ಮಾಹಿತಿತಾಣದಲ್ಲಿ ಕೃಷಿ ಉಪಕರಣಗಳೂ ಸೇರಿವೆ; ಆದರೆ ತಾಣ ಮಾಹಿತಿ ಕೊಡುತ್ತದೆ, ಕಾನೂನಿನಂತೆ ಕಟ್ಟಿಹಾಕುವುದಿಲ್ಲ.

ಆಟದ ಸಾಮಾನಿಗೆ ಇಷ್ಟು ಮಾತು ಬೇಕೇ, ಮಕ್ಕಳು ಆಟ ಬಿಟ್ಟು ಓದಿದರೆ ಸಾಲದೇ ಎನ್ನುವ ಹಿರಿಯರು ಇದ್ದಾರೆ. ಅವರ ಕಳವಳ ಸುಳ್ಳಲ್ಲ. ಆದರೆ ಆಟದ ಸಾಮಾನು ಆಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ‘ಯುಎಸ್‌ಎಸ್ ಕೊಲೊರಾಡೊ’ ಜಲಾಂತರ್ಗಾಮಿ 2018ರಲ್ಲಿ ನೌಕಾಪಡೆಗೆ ಸೇರಿದಾಗ ಅದರ ಪೆರಿಸ್ಕೋಪಿನ ಬದಲಿನ ಕ್ಯಾಮರಾ ಕಂಬವನ್ನು ತಿರುಗಿಸಲು ಅಳವಡಿಸಿದ್ದು ಎಕ್ಸ್‌ಬಾಕ್ಸ್ ಕಂಟ್ರೋಲರನ್ನೇ. 2010ರ ನವೆಂಬರಿನಲ್ಲಿ ಬಂದ ‘ಕಿನೆಕ್ಟ್’ ಎಂಬ ದೇಹಚಲನೆ ಗ್ರಹಿಸುವ ಆಟದ ಕ್ಯಾಮರಾವನ್ನು ಕಂಪ್ಯೂಟರಿಗೆ ಜೋಡಿಸುವ ಡ್ರೈವರು ಬಹುಮಾನವೊಂದರ ಸ್ಪರ್ಧೆಯಲ್ಲಿ ಕೆಲವೇ ದಿನಗಳಲ್ಲಿ ಸಿದ್ಧವಾಯಿತು. ಮೊದಲು ಹುಬ್ಬು ಗಂಟಿಕ್ಕಿದ ಮೈಕ್ರೋಸಾಫ್ಟ್ ಆಮೇಲೆ ಸುಮ್ಮನಾಯಿತು. ದೂರವನ್ನು ಅಳೆಯಬಲ್ಲ ಆ ಅಗ್ಗದ ಕ್ಯಾಮರಾ ಬಳಸಿ ಕೃಷಿ ಸಂಶೋಧಕರು ಗಿಡಗಳ ಎತ್ತರ, ಎಲೆಗಳ ಹರಹು ಅಳೆದರು. ಅದುವರೆಗೆ ಅಂತಹ ಅಳತೆಗೆ ದುಬಾರಿ ಉಪಕರಣ ಬೇಕಿತ್ತು. ಮೌಸ್ ಹಿಡಿಯಲಾರದ ಕೈಗಳಿಗೆ ಕಂಟ್ರೋಲರಿನ ಕಡ್ಡಿ ಆಸರೆಯಾದದ್ದೂ ಉಂಟು.

ತೂಕದ ಲೆಕ್ಕವನ್ನೂ ಮರೆಯುವಂತಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್ನು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಅದರಲ್ಲಿ ಶೇ. 22.3 ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಆಟಿಕೆ-ಮನರಂಜನೆಯ ಸಾಧನಗಳನ್ನೂ ಒಳಗೊಂಡಿವೆ, ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಘಟ್ಟದ ಮೇಲಿನ ಒಂಟಿ ಮನೆಗೆ ಬಂದು ಆ ಹೊಣೆಯನ್ನು ಹೊರುವವರು ಯಾರೆಂಬುದನ್ನು ನಿಯಮಗಳು ಹೇಳುವುದಿಲ್ಲ.

ಅದುವರೆಗೆ, ಅಟ್ಟದಿಂದ ಇಳಿಸಿದ ಕಂಟ್ರೋಲರಿಗೆ ತೀರ್ಪು ಕೊಡುವ ಮುನ್ನ ತಂತಿಯನ್ನು ಬದಲಿಸಿ ನೋಡಬೇಕು. ಫೋನಿನೊಡನೆ ಬಂದ ಎಷ್ಟೋ ಅಗ್ಗದ ತಂತಿಗಳು ವಿದ್ಯುತ್ತನ್ನು ಮಾತ್ರ ಒಯ್ಯುತ್ತವೆ. ಪ್ಲೇಸ್ಟೇಷನ್-4ರ ಕಂಟ್ರೋಲರಾದರೆ ‘ಶೇರ್’ ಮತ್ತು ‘ಪಿಎಸ್’ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದಾಗ ಮುಂದಿನ ದೀಪ ಬೇಗಬೇಗನೆ ಮಿನುಗತೊಡಗುತ್ತದೆ. ಆಗ ಅದು ಬ್ಲೂಟೂತ್ ಇರುವ ಯಾವ ಕಂಪ್ಯೂಟರಿಗೂ ಸಿಗುತ್ತದೆ. ವಿಂಡೋಸ್‌ನಲ್ಲಿ ‘ಗೇಮ್ ಕಂಟ್ರೋಲರ್ಸ್’ ಎಂಬ ಪುಟ್ಟ ಕಿಟಕಿಯಿದ್ದು, ಗುಂಡಿ ಒತ್ತಿದಂತೆ ಅಲ್ಲಿ ಚುಕ್ಕೆ ಬೆಳಗಿದರೆ ವಸ್ತು ಜೀವಂತವಾಗಿದೆ ಎಂದರ್ಥ. ಕಡ್ಡಿ ಬಿಟ್ಟರೂ ಚುಕ್ಕೆ ಒಂದೇ ಕಡೆ ಜಾರುತ್ತಿದ್ದರೆ ಸವೆದಿರುವುದು ಒಳಗಿನ ಒಂದು ಚಿಕ್ಕ ಭಾಗ; ಬೆಸುಗೆ ಬಲ್ಲ ಪೇಟೆಯ ಮೊಬೈಲ್ ರಿಪೇರಿಯವರು ಅದನ್ನು ಬದಲಿಸಬಲ್ಲರು. ಇಷ್ಟಾದ ಮೇಲೂ ಏಳದಿದ್ದರೆ ಹಿಂಬದಿಯ ತಿರುಪು ಬಿಚ್ಚಿ ಲಿಥಿಯಂ ಬ್ಯಾಟರಿಯನ್ನು ಬೇರೆ ತೆಗೆದಿಡಬೇಕು. ತರಗೆಲೆಯೊಡನೆ ಕಸ ಸುಡುವ ಗುಂಡಿಗೆ ಅದು ಬಿದ್ದರೆ ಸಿಡಿಯುತ್ತದೆ.