ಕೈಪಿಡಿ ಕಲಿಸುವ ಕಸುಬು

‘ಪುಸ್ತಕದ ಬದನೆಕಾಯಿ’ ಎಂಬ ಮಾತನ್ನು ನಮ್ಮ ಜನ ಬಹುಕಾಲದಿಂದ ಆಡುತ್ತ ಬಂದಿದ್ದಾರೆ. ಪುಸ್ತಕದಲ್ಲಿರುವ ಬದನೆಕಾಯಿ ಸಾರಿಗೆ ಒದಗುವುದಿಲ್ಲ. ಹಾಗೆಯೇ ಪುಸ್ತಕದಿಂದ ಪಡೆದ ತಿಳಿವಳಿಕೆ ಬಾಳಿನ ಕೆಲಸಕ್ಕೆ ಒದಗುವುದಿಲ್ಲ ಎಂಬುದು ಅದರ ಇಂಗಿತ. ಈಜನ್ನು ಓದಿ ಕಲಿತವರುಂಟೆ, ಮಡಕೆ ಮಾಡುವುದನ್ನು ಓದಿ ಕಲಿತವರುಂಟೆ ಎಂದು ಈ ಮಾತಿಗೆ ಸಾಕ್ಷ್ಯವನ್ನೂ ಒದಗಿಸುವುದುಂಟು. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಆದರೆ ಎಲ್ಲ ಕಸುಬುಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ನಮ್ಮ ಕಾಲದಲ್ಲಿಯೇ ಹುಟ್ಟಿ ಬೆಳೆದ ಒಂದು ಕಸುಬನ್ನು ಸಹಸ್ರಾರು ಮಂದಿ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಕಲಿತರು. ಅದು ಅಂತರಜಾಲದ ಪುಟಗಳನ್ನು ರಚಿಸುವ ಕಸುಬು. ಜಾಲತಾಣ ವಿನ್ಯಾಸವೆಂದು ಅದನ್ನು ಕರೆಯುತ್ತಾರೆ. ನೇಕಾರಿಕೆಗೂ ಬಡಗಿತನಕ್ಕೂ ಇರುವಂತೆ ಅದಕ್ಕೊಂದು ಗುರುಪರಂಪರೆ ಇರಲಿಲ್ಲ. ಕಲಿಯಬೇಕೆಂದವರು ಕೈಪಿಡಿಯೊಂದನ್ನು ಕೊಂಡು ತಂದು, ಗಣಕಯಂತ್ರದ ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೆಲಸಕ್ಕೆ ತೊಡಗಬೇಕಾಗಿತ್ತು.

ಈ ವಿದ್ಯೆಯ ಬುನಾದಿ ಸರಳವಾದದ್ದು. 1989ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ, ಬೇರೆ ಬೇರೆ ಯಂತ್ರಗಳಲ್ಲಿ ಹುದುಗಿರುವ ಬರಹಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹೆಣೆಯುವ ಯೋಜನೆಯೊಂದನ್ನು ಮುಂದಿಟ್ಟರು. 1991ರ ವೇಳೆಗೆ ಅದು ಹೊರಜಗತ್ತಿಗೂ ತೆರೆಯಿತು. ಪುಟವನ್ನು ಬರೆಯಲು ಅವರು ರೂಪಿಸಿದ ಭಾಷೆಗೆ ಎಚ್.ಟಿ.ಎಂ.ಎಲ್. ಎಂದು ಹೆಸರು. ಹಿಂದೆ ಮುದ್ರಣಾಲಯಗಳಲ್ಲಿ ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ‘ಇದು ಶೀರ್ಷಿಕೆ, ಇದು ದಪ್ಪಕ್ಷರ, ಇಲ್ಲಿಂದ ಹೊಸ ಸಾಲು’ ಎಂದು ಮೊಳೆ ಜೋಡಿಸುವವರಿಗೆ ಗುರುತು ಹಾಕಿ ಕೊಡುತ್ತಿದ್ದರಲ್ಲವೆ? ಇದೂ ಅಂಥದೇ ಗುರುತು ಹಾಕುವ ಭಾಷೆ. ಗುರುತುಗಳನ್ನು ಕೋನಾಕಾರದ ಆವರಣಗಳೊಳಗೆ ಬರೆಯುತ್ತಾರೆ. ಅವುಗಳಿಗೆ ಟ್ಯಾಗ್ ಎಂದು ಹೆಸರು. ಬರಹವನ್ನು ಓದಿ, ಗುರುತುಗಳ ಪ್ರಕಾರ ತೆರೆಯ ಮೇಲೆ ಪುಟವನ್ನು ಜೋಡಿಸಿ ತೋರಿಸುವ ಕೆಲಸ ಬ್ರೌಸರ್ ಎಂಬ ತಂತ್ರಾಂಶದ್ದು. 1991ರ ಆ ಮೊದಲ ವಿವರಣೆಯಲ್ಲಿದ್ದ ಟ್ಯಾಗ್‌ಗಳು 18. ಶೀರ್ಷಿಕೆ, ಪಟ್ಟಿ, ಕೊಂಡಿ ಮುಂತಾದವುಗಳನ್ನು ಸೂಚಿಸುವ ಅವುಗಳಲ್ಲಿ ಹೆಚ್ಚಿನವು ಇಂದಿಗೂ ಬಳಕೆಯಲ್ಲಿವೆ. ಆ ಕಾಲದ ಪುಟವನ್ನು ಇಂದಿನ ಬ್ರೌಸರ್ ತಡೆಯಿಲ್ಲದೆ ತೆರೆದು ತೋರಿಸುತ್ತದೆ.

ಈಗ ಗಾದೆಯ ವಿಚಾರಕ್ಕೆ ಬರೋಣ. ಈಜನ್ನು ಪುಸ್ತಕ ಕಲಿಸಲಾರದು. ಏಕೆಂದರೆ ಪುಸ್ತಕದಲ್ಲಿ ನೀರಿಲ್ಲ. ಕುಂಬಾರಿಕೆಯನ್ನೂ ಕಲಿಸಲಾರದು, ಏಕೆಂದರೆ ಅದರಲ್ಲಿ ಮಣ್ಣಿಲ್ಲ. ಜಾಲಪುಟದ ಕಸುಬಿಗೆ ಬೇಕಾದ ಮಣ್ಣಾದರೋ ಅಕ್ಷರಗಳು. ಬದನೆಕಾಯಿಯ ಚಿತ್ರ ಬದನೆಕಾಯಿಯಲ್ಲ, ನಿಜ. ಆದರೆ ಕೈಪಿಡಿಯಲ್ಲಿ ಅಚ್ಚಾದ ಹತ್ತು ಸಾಲುಗಳ ಸಂಕೇತ ಸಾಕ್ಷಾತ್ ಆ ವಸ್ತುವೇ ಆಗಿದೆ. ಅದನ್ನು ಹಾಗೆಯೇ ಗಣಕದಲ್ಲಿ ಬೆರಳಚ್ಚು ಮಾಡಿ, ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಪುಟವೊಂದು ಎದ್ದು ನಿಲ್ಲುತ್ತದೆ. ಇದಕ್ಕೆ ದುಬಾರಿ ತಂತ್ರಾಂಶ ಬೇಕಾಗಿಲ್ಲ. ಯಂತ್ರದೊಂದಿಗೆ ಬರುವ ನೋಟ್‌ಪ್ಯಾಡಿನಂಥ ಸಾದಾ ಬರವಣಿಗೆಯ ಸಾಧನ ಸಾಕು. ಕಲಿಯುವ ಹಂತದಲ್ಲಿ ಅಂತರಜಾಲದ ಸಂಪರ್ಕವೂ ಅನಿವಾರ್ಯವಲ್ಲ. ಹತ್ತಿರದಲ್ಲಿ ತರಬೇತಿ ಕೇಂದ್ರವಿಲ್ಲದ, ಇದ್ದರೂ ಶುಲ್ಕ ತೆರಲಾರದ ಹಳ್ಳಿಯ ವಿದ್ಯಾರ್ಥಿಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಶಾಲೆಯ ಗಣಕ ವಾರಕ್ಕೆ ಒಂದೇ ಗಂಟೆ ದೊರೆತರೂ, ಪುಸ್ತಕ ಕೈಯಲ್ಲಿರುವವನು ಉಳಿದ ದಿನಗಳಲ್ಲಿ ಪುಟವನ್ನು ಕಾಗದದ ಮೇಲೆ ಬರೆದು ಸಿದ್ಧಪಡಿಸಿಕೊಳ್ಳಬಹುದು.

ಇಷ್ಟರಿಂದ ಕೈಪಿಡಿ ಹೇಳಿದ್ದೆಲ್ಲವೂ ವೇದವಾಕ್ಯವಾಯಿತೆಂದು ಯಾರೂ ಭಾವಿಸಬಾರದು. ಈ ಕಸುಬಿನ ಚರಿತ್ರೆಯಲ್ಲೇ ಅದಕ್ಕೊಂದು ಸ್ವಾರಸ್ಯವಾದ ನಿದರ್ಶನವಿದೆ. 1996ರಲ್ಲಿ ಅಮೆರಿಕದ ಡೇವಿಡ್ ಸೀಗಲ್ ಎಂಬ ವಿನ್ಯಾಸಕಾರರು ‘ಕ್ರಿಯೇಟಿಂಗ್ ಕಿಲ್ಲರ್ ವೆಬ್ ಸೈಟ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಆಗಿನ ಎಚ್.ಟಿ.ಎಂ.ಎಲ್.ಗೆ ಪುಟದ ಅಂದಚೆಂದದ ಗೊಡವೆ ಹೆಚ್ಚಾಗಿ ಇರಲಿಲ್ಲ. ಪತ್ರಿಕೆಯಲ್ಲಿರುವಂತೆ ಎರಡು ಕಂಬಸಾಲು ಬೇಕೆಂದರೂ, ಎಡಗಡೆ ಒಂದಿಷ್ಟು ಜಾಗ ಬಿಡಬೇಕೆಂದರೂ ನೇರವಾದ ದಾರಿಯಿರಲಿಲ್ಲ. ಸೀಗಲ್ಲರು ಅಡ್ಡದಾರಿಗಳನ್ನು ಕಲಿಸಿಕೊಟ್ಟರು. ಅಂಕಿಅಂಶಗಳಿಗೆಂದು ಮೀಸಲಾಗಿದ್ದ ಕೋಷ್ಟಕದ ಗೆರೆಗಳನ್ನು ಅಳಿಸಿ, ಅದರ ಒಂದೊಂದು ಮನೆಯಲ್ಲೂ ಪುಟದ ಒಂದೊಂದು ಭಾಗವನ್ನು ಕೂರಿಸುವುದು ಒಂದು ದಾರಿ. ಕಣ್ಣಿಗೆ ಕಾಣದ, ಒಂದೇ ಚುಕ್ಕೆಯಷ್ಟಿರುವ ಪಾರದರ್ಶಕ ಚಿತ್ರವೊಂದನ್ನು ಬೇಕಾದಷ್ಟು ಹಿಗ್ಗಿಸಿ ಅಕ್ಷರಗಳನ್ನು ಆಚೆಗೆ ತಳ್ಳುವುದು ಇನ್ನೊಂದು. ಪುಸ್ತಕ ಬಹು ಜನಪ್ರಿಯವಾಯಿತು. ಓದಿದವರು ಚೆಲುವಾದ ಪುಟಗಳನ್ನು ಕಟ್ಟಿದರು.

ಆದರೆ ಆ ಚೆಲುವಿನ ಒಳಗೆ ಬೇರೆಯೇ ಅವ್ಯವಸ್ಥೆಯಿತ್ತು. ಅಂಧರಿಗಾಗಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಕೋಷ್ಟಕದ ಮನೆಗಳನ್ನು ಅವು ಇರುವ ಅನುಕ್ರಮದಲ್ಲಿ ಓದುತ್ತ ಹೋದಾಗ ಒಂದು ಕಂಬಸಾಲಿನ ವಾಕ್ಯ ಮತ್ತೊಂದರೊಡನೆ ಕಲಸಿಹೋಗುವ ಸಂಭವವಿತ್ತು. ತಾಣದ ಬಣ್ಣವೋ ಅಂಚೋ ಬದಲಾಗಬೇಕಾದರೆ ನೂರು ಪುಟಗಳಿದ್ದಲ್ಲಿ ನೂರನ್ನೂ ತಿದ್ದಬೇಕಾಗುತ್ತಿತ್ತು. ಪುಸ್ತಕ ಹೊರಬಂದ ಮರುವರ್ಷ, 1997ರಲ್ಲಿ, ಅದೇ ಸೀಗಲ್ ಒಂದು ಲೇಖನ ಬರೆದರು. ಜಾಲ ಕೆಟ್ಟುಹೋಯಿತು, ಕೆಡಿಸಿದವನು ನಾನೇ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಕೈಪಿಡಿ ಬರೆದ ಗುರುವೇ ತನ್ನ ಪಾಠವನ್ನು ಹಿಂತೆಗೆದುಕೊಂಡ ಇಂಥ ಪ್ರಸಂಗ ಅಪರೂಪದ್ದು. ಅವರ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅದಾಗಲೇ ಪಾಠ ಕಲಿತಿದ್ದ ಶಿಷ್ಯರು ಎಷ್ಟೋ ವರ್ಷ ಅದೇ ಅಡ್ಡದಾರಿಯಲ್ಲಿ ನಡೆದರು.

ನೇರವಾದ ದಾರಿ ಅಷ್ಟರಲ್ಲಿಯೇ ಹುಟ್ಟಿತ್ತು ಎಂಬುದು ಗಮನಾರ್ಹ. ಬರಹ ಒಂದು ಕಡೆ, ಅದರ ಅಲಂಕಾರ ಇನ್ನೊಂದು ಕಡೆ ಇರಲಿ ಎಂಬ ವಿಚಾರವನ್ನು ನಾರ್ವೆ ದೇಶದ ಹೋಕೊನ್ ವಿಯಮ್ ಲೀ 1994ರಲ್ಲಿಯೇ ಸೂಚಿಸಿದ್ದರು. ಬರ್ಟ್ ಬಾಸ್ ಅವರೊಡಗೂಡಿ ಅವರು ರೂಪಿಸಿದ ಸಿ.ಎಸ್.ಎಸ್. ಎಂಬ ಅಲಂಕಾರದ ಭಾಷೆ 1996ರ ಡಿಸೆಂಬರಿನಲ್ಲಿ ಅಧಿಕೃತವಾಯಿತು. ಬ್ರೌಸರುಗಳು ಅದನ್ನು ಸರಿಯಾಗಿ ಅರಿತುಕೊಳ್ಳಲು ಮಾತ್ರ ಹಲವು ವರ್ಷ ಹಿಡಿದವು. 2003ರಲ್ಲಿ ಡೇವ್ ಶೇ ಎಂಬುವರು ‘ಸಿ.ಎಸ್.ಎಸ್. ಜೆನ್ ಗಾರ್ಡನ್’ ಎಂಬ ತಾಣವನ್ನು ತೆರೆದರು. ಅಲ್ಲಿ ಬರಹ ಒಂದೇ. ಅದರ ಒಂದಕ್ಷರವನ್ನೂ ಮುಟ್ಟದೆ, ಅಲಂಕಾರದ ಕಡತವನ್ನು ಮಾತ್ರ ಬದಲಾಯಿಸಿ, ಬೇರೆ ಬೇರೆ ಕಲಾವಿದರು ಗುರುತೇ ಸಿಗದಷ್ಟು ಬೇರೆಯಾದ ಪುಟಗಳನ್ನು ರಚಿಸಿ ತೋರಿಸಿದರು. ಒಂದೇ ಕಥಾಪ್ರಸಂಗವನ್ನು ಬೇರೆ ಬೇರೆ ಮೇಳದವರು ತಮ್ಮ ತಮ್ಮ ವೇಷಭೂಷಣಗಳಿಂದ ಆಡಿದಂತೆ. ಬರಹವನ್ನೂ ಅಲಂಕಾರವನ್ನೂ ಏಕೆ ಬೇರ್ಪಡಿಸಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಹಾಗಾದರೆ ಬೇಗ ಹಳತಾಗುವ ಪುಸ್ತಕವನ್ನು ನಂಬಿ ಕುಳಿತವನ ಗತಿಯೇನು? ಪುಸ್ತಕ ಇಡಿಯಾಗಿ ಹಳತಾಗುವುದಿಲ್ಲ ಎಂಬುದು ನನ್ನ ಉತ್ತರ. 2011ರಲ್ಲಿ ಪ್ರಕಟವಾದ, ಜಾನ್ ಡಕೆಟ್ ಬರೆದ ‘ಎಚ್.ಟಿ.ಎಂ.ಎಲ್. ಅಂಡ್ ಸಿ.ಎಸ್.ಎಸ್.’ ಎಂಬ ಪುಸ್ತಕವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಹಿತವಾಗಿ ಅಚ್ಚಾದ ಈ ಪುಸ್ತಕದಿಂದ ಕಲಿತವರು ಬಹಳ ಮಂದಿ. ಅದರಲ್ಲಿ ಫ್ಲ್ಯಾಶ್ ಎಂಬ ತಂತ್ರಾಂಶದ ಪಾಠವಿದೆ. ಆ ತಂತ್ರಾಂಶವೇ 2020ರ ಡಿಸೆಂಬರ್ 31ರಂದು ಕೊನೆಗೊಂಡಿತು. ಪುಟದ ಭಾಗಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಲು ಅದು ಕಲಿಸುವ ಫ್ಲೋಟ್ ಎಂಬ ಉಪಾಯದ ಸ್ಥಾನಕ್ಕೆ, 2017ರಲ್ಲಿ ಬ್ರೌಸರುಗಳಿಗೆ ಬಂದ ಗ್ರಿಡ್ ಎಂಬ ಸುಲಭವಾದ ವ್ಯವಸ್ಥೆ ಬಂದು ಕುಳಿತಿದೆ. ಆದರೆ ಅದೇ ಪುಸ್ತಕದಲ್ಲಿ ಪೆಟ್ಟಿಗೆಯನ್ನು ಕುರಿತ ಅಧ್ಯಾಯವೊಂದಿದೆ. ಪುಟದ ಮೇಲಿನ ಪ್ರತಿಯೊಂದು ಅಂಶವೂ ಒಂದು ಪೆಟ್ಟಿಗೆ. ಗೋಡೆಗೆ ತೂಗುಹಾಕಿದ ಭಾವಚಿತ್ರದಲ್ಲಿ ಚಿತ್ರ, ಅದರ ಸುತ್ತಲಿನ ಬಿಳಿಯ ತೆರವು, ಮರದ ಚೌಕಟ್ಟು, ಪಕ್ಕದ ಚಿತ್ರಕ್ಕೂ ಅದಕ್ಕೂ ನಡುವೆ ಬಿಟ್ಟ ಗೋಡೆಯ ಜಾಗ ಎಂದು ಹೇಗೆ ಇರುತ್ತವೆಯೋ ಹಾಗೆಯೇ ಪ್ರತಿ ಪೆಟ್ಟಿಗೆಗೂ ಒಳಗಿನ ಬರಹ, ಒಳತೆರವು, ಅಂಚುಗೆರೆ, ಹೊರತೆರವು ಎಂಬ ಭಾಗಗಳಿವೆ. ಈ ಲೆಕ್ಕ ಇಂದಿಗೂ ಸತ್ಯ. ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡವರು ಮೊದಲು ಅದರ ಮುದ್ರಣದ ವರ್ಷವನ್ನು ನೋಡಬೇಕು. ಒಂದು ಉಪಾಯ ಎದುರಾದಾಗ ‘ಇದನ್ನು ಏಕೆ ಹೀಗೆ ಮಾಡಬೇಕು?’ ಎಂದು ಕೇಳಬೇಕು. ಕಾರಣ ಕೊಡದೆ ಹೀಗೆ ಮಾಡು ಎಂದು ಮಾತ್ರ ಹೇಳುವ ಪುಟಗಳೇ ಮೊದಲು ಸಾಯುವ ಪುಟಗಳು.

ಓದುವ ಬಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾದದ್ದು. ಬಹುಕಾಲ ಪಾಠ ಹೇಳಿದವನಾದ್ದರಿಂದ, ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿರುವ ಉತ್ತರವನ್ನು ಮೊದಲು ನೋಡಿ, ಆಮೇಲೆ ಲೆಕ್ಕ ಮಾಡುವವರನ್ನು ನಾನು ಬಲ್ಲೆ. ಕೈಪಿಡಿಯ ಉದಾಹರಣೆಗಳನ್ನು ಸಿದ್ಧರೂಪದಲ್ಲಿ ನಕಲು ಮಾಡಿಕೊಂಡು ಓಡಿಸುವವರೂ ಅದೇ ಗುಂಪಿನವರು. ಪ್ರತಿ ಸಾಲನ್ನೂ ಕೈಯಾರೆ ಬೆರಳಚ್ಚು ಮಾಡಬೇಕು. ಆವರಣವೊಂದನ್ನು ಮುಚ್ಚಲು ಮರೆತಾಗ ಪುಟದ ಅರ್ಧಭಾಗ ದಪ್ಪಕ್ಷರವಾಗಿ ಬಿಡುತ್ತದೆ. ತಪ್ಪೆಲ್ಲಿ ಎಂದು ಹುಡುಕುವ ಆ ಅರ್ಧಗಂಟೆಯಲ್ಲಿ ಕಲಿತದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಇದನ್ನು ಕೇಳಿ, ‘ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಪುಟವನ್ನು ಬರೆದುಕೊಡುವಾಗ ಈ ಶ್ರಮವೇಕೆ?’ ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯಾರು. ಬರೆದುಕೊಡುತ್ತದೆ, ನಿಜ. ಬರೆದುಕೊಟ್ಟ ಪುಟ ಸರಿಯಾಗಿದೆಯೇ ಎಂದು ನೋಡಿ ಹೇಳುವವರು ಯಾರು? ಇಂಗ್ಲಿಷ್ ಪುಟದ ಮಟ್ಟಿಗೆ ಹೇಗೋ ಸಾಗೀತು. ಕನ್ನಡದ ಪುಟಕ್ಕೆ ಬಂದಾಗ ಕಣ್ಣಿಟ್ಟು ನೋಡುವವರು ಬೇಕೇ ಬೇಕು.

ಏಕೆಂದರೆ ಇಂಗ್ಲಿಷ್ ಕೈಪಿಡಿಗಳನ್ನು ಬರೆದವರ ಮುಂದೆ ಇದ್ದದ್ದು ರೋಮನ್ ಲಿಪಿ. ಪುಟದ ಆರಂಭದಲ್ಲಿ ಯು.ಟಿ.ಎಫ್.-8 ಎಂದು ಲಿಪಿಸಂಕೇತವನ್ನು ಘೋಷಿಸುವ ಒಂದು ಸಾಲು ಬರುತ್ತದೆ. ಅದನ್ನು ಬಿಟ್ಟರೂ ಇಂಗ್ಲಿಷಿನವರ ಪುಟಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲವಾದ್ದರಿಂದ ಎಷ್ಟೋ ಮಂದಿ ಅದನ್ನು ಅರ್ಥವರಿಯದೆ ಬರೆಯುತ್ತಾರೆ. ಕನ್ನಡದವರು ಅದನ್ನು ಬಿಟ್ಟರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಾಣಿಸಿಕೊಳ್ಳಬಹುದು. ದೊಡ್ಡಕ್ಷರ, ಸಣ್ಣಕ್ಷರಗಳನ್ನು ಅದಲುಬದಲು ಮಾಡುವ ಆಜ್ಞೆಯನ್ನು ಕೈಪಿಡಿಗಳು ವಿವರಿಸುತ್ತವೆ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ, ಆದ್ದರಿಂದ ಅದು ನಮಗೆ ನಿರುಪಯೋಗಿ. ಎಲ್ಲಕ್ಕಿಂತ ಮುಖ್ಯವಾದದ್ದು ಸಾಲುಗಳ ನಡುವಣ ಅಂತರ. ರೋಮನ್ ಅಕ್ಷರಗಳು ಒಂದು ಗೆರೆಯ ಮೇಲೆ ಕುಳಿತಿರುತ್ತವೆ. ಕೆಲವಕ್ಕೆ ಮಾತ್ರ ಸಣ್ಣ ಬಾಲ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಇಂಗ್ಲಿಷಿಗೆ ಹೊಂದುವ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಹುದು. ಶೀರ್ಷಿಕೆಯನ್ನು ಇಷ್ಟೇ ಎತ್ತರವೆಂದು ಬಿಗಿಮಾಡಿ, ಮೀರಿದ್ದನ್ನು ಮರೆಮಾಡುವಂತೆ ಪೆಟ್ಟಿಗೆಯನ್ನು ಕಟ್ಟಿದರಂತೂ ಒತ್ತಕ್ಷರದ ತಳಭಾಗ ಕತ್ತರಿಸಿಹೋಗುತ್ತದೆ. ‘ರಾಷ್ಟ್ರ’ದಲ್ಲಿ ಒಂದರ ಕೆಳಗೆ ಎರಡು ಒತ್ತುಗಳಿರುವುದನ್ನು ರೋಮನ್ ಲಿಪಿಯೊಂದನ್ನೇ ಬಲ್ಲ ವಿನ್ಯಾಸಕಾರರು ಊಹಿಸಿರಲಾರರು.

ಇದನ್ನು ಪರೀಕ್ಷಿಸಿ ನೋಡುವುದು ಕಷ್ಟವಲ್ಲ. ‘ರಾಷ್ಟ್ರ’, ‘ಶಾಸ್ತ್ರ’ ಎಂಬ ಪದಗಳು ಮೇಲಿನ ಸಾಲಿನಲ್ಲಿ, ‘ವಿಧಿ’, ‘ಗಿಳಿ’ ಎಂಬವು ಅವುಗಳ ನೇರ ಕೆಳಗೆ ಬರುವಂತೆ ಪುಟವೊಂದನ್ನು ಬರೆದುಕೊಳ್ಳಿ. ಸಾಲಿನ ಎತ್ತರವನ್ನು ಮೊದಲು ಅಕ್ಷರದ ಗಾತ್ರಕ್ಕೆ ಸಮನಾಗಿಟ್ಟು, ಆಮೇಲೆ ಒಂದೂಕಾಲು ಪಟ್ಟು, ಒಂದೂವರೆ ಪಟ್ಟು, ಒಂದೂಮುಕ್ಕಾಲು ಪಟ್ಟು ಎಂದು ಹೆಚ್ಚಿಸುತ್ತ ಹೋಗಿ. ಯಾವ ಅಳತೆಯಲ್ಲಿ ಅಕ್ಷರಗಳು ಒಂದನ್ನೊಂದು ತಾಗದೆ ಉಸಿರಾಡುತ್ತವೆ, ಯಾವ ಅಳತೆ ಮೀರಿದರೆ ಸಾಲುಗಳು ಒಂದರಿಂದೊಂದು ದೂರವಾಗಿ ಓದು ಕಡಿದುಹೋಗುತ್ತದೆ ಎಂಬುದು ನಿಮ್ಮ ಕಣ್ಣಿಗೇ ತಿಳಿಯುತ್ತದೆ. ಅಕ್ಷರಶೈಲಿ ಬದಲಾದರೆ ಈ ಅಳತೆಯೂ ಬದಲಾಗುತ್ತದೆ, ಅದನ್ನೂ ನೋಡಿಕೊಳ್ಳಿ. ದೊರೆತ ಸಂಖ್ಯೆಯನ್ನು ಕೈಪಿಡಿಯ ಆ ಪುಟದ ಅಂಚಿನಲ್ಲಿ ಬರೆದಿಡಿ. ಪುಸ್ತಕ ಗ್ರಂಥಾಲಯದ್ದಾದರೆ ಬೇರೆ ಹಾಳೆಯಲ್ಲಿ ಬರೆದು ನಿಮ್ಮಲ್ಲೇ ಇಟ್ಟುಕೊಳ್ಳಿ.