ಶುಲ್ಕವೆಂದರೆ ಯಾವುದು, ಕುಟುಂಬವೆಂದರೆ ಯಾರು?

ಜೂನ್ ತಿಂಗಳು ಬಂತೆಂದರೆ ಹಳೆಯ ವಿದ್ಯಾರ್ಥಿಗಳಿಂದ ನನಗೆ ಎರಡು ಬಗೆಯ ಕರೆಗಳು ಬರುತ್ತವೆ. ಮಗಳನ್ನು ಯಾವ ಕಾಲೇಜಿಗೆ ಸೇರಿಸೋಣ ಮೇಷ್ಟ್ರೇ ಎಂಬುದು ಮೊದಲನೆಯದು. ಆ ಕಾಲೇಜಿಗೆ ಕಟ್ಟಿದ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಎಲ್ಲಿ, ಎಷ್ಟು ತೋರಿಸಬೇಕು ಎಂಬುದು ಎರಡನೆಯದು. ನಾನು ತೆರಿಗೆ ಸಲಹೆಗಾರನಲ್ಲ. ಆದರೆ ಸರ್ಕಾರಿ ಶಾಲೆಗಳ ಒಳಗುಟ್ಟು ಬಲ್ಲವರಿಗೆ ಗೊತ್ತಿರುತ್ತದೆ: ಫೆಬ್ರವರಿ ಬಂದೊಡನೆ ಸಹೋದ್ಯೋಗಿಗಳೆಲ್ಲರ ತೆರಿಗೆ ಲೆಕ್ಕದ ನಮೂನೆ ತುಂಬಿಕೊಡುವ ಹೊಣೆ ಗಣಿತದ ಮೇಷ್ಟ್ರ ತಲೆಗೇ ಬೀಳುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ಆ ಕೆಲಸ ಮಾಡಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕುಳಿತಿದೆ. ಮಕ್ಕಳ ವಿದ್ಯೆಯ ಖರ್ಚಿನ ವಿಷಯದಲ್ಲಿ ಈ ಕಾನೂನನ್ನು ನಮ್ಮ ಕಡೆಯ ಮನೆಗಳನ್ನು ನೋಡಿ ಬರೆಯಲಿಲ್ಲ. ಇತ್ತೀಚೆಗಂತೂ ಯಾವ ಮನೆಯ ಕಡೆಗೂ ತಿರುಗಿ ನೋಡುವುದನ್ನೇ ಅದು ಬಿಟ್ಟಿದೆ.

ಮೊದಲಿಗೆ ಒಂದು ಮಾತು. 2025-26ರ ವರಮಾನದವರೆಗೆ ಅನ್ವಯಿಸುವುದು 1961ರ ಕಾಯ್ದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಕಲಮುಗಳ ಸಂಖ್ಯೆಗಳು ಬದಲಾಗಿವೆ. ನಾನಿಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸುತ್ತೇನೆ. ಎಲ್ಲರ ನಾಲಿಗೆಯ ಮೇಲೂ ಇನ್ನೂ ಅವೇ ಇವೆ.

80ಸಿ ಕಲಂ ಏನು ಹೇಳುತ್ತದೆ? ಭಾರತದೊಳಗಿನ ಶಾಲೆ, ಕಾಲೇಜು, ವಿಶ್ವವಿದ್ಯಾಲಯಕ್ಕೆ, ತನ್ನ ಯಾವುದಾದರೂ ಇಬ್ಬರು ಮಕ್ಕಳ ಪೂರ್ಣಾವಧಿ ಶಿಕ್ಷಣಕ್ಕಾಗಿ ಕಟ್ಟಿದ 'ಬೋಧನಾ ಶುಲ್ಕ'ವನ್ನು ಆದಾಯದಿಂದ ಕಳೆಯಬಹುದು. ಅಭಿವೃದ್ಧಿ ಶುಲ್ಕ, ದೇಣಿಗೆ ಮತ್ತು ಅಂಥ ಪಾವತಿಗಳು ಇದರಲ್ಲಿ ಸೇರವು. ಅಂಚೆ ಅಥವಾ ದೂರಶಿಕ್ಷಣವೂ ಸೇರದು. ಈ ಸೌಲಭ್ಯ 2003ರಲ್ಲಿ ಆಗಿನ 88ನೇ ಕಲಮಿನಡಿ ಮಗುವೊಂದಕ್ಕೆ 12,000 ರೂಪಾಯಿಯ ಮಿತಿಯೊಂದಿಗೆ ಆರಂಭವಾಯಿತು. 2005ರಲ್ಲಿ 80ಸಿ ಬಂದು ಎಲ್ಲವೂ ಸೇರಿ ಒಂದು ಲಕ್ಷವೆಂದಾಯಿತು. 2014ರಲ್ಲಿ ಅದು ಒಂದೂವರೆ ಲಕ್ಷವಾಯಿತು. ಅಲ್ಲಿಗೇ ನಿಂತಿತು.

'ಎಲ್ಲವೂ ಸೇರಿ' ಎಂಬ ಎರಡು ಪದಗಳನ್ನು ಗಮನಿಸಬೇಕು. ಭವಿಷ್ಯ ನಿಧಿ, ಜೀವ ವಿಮೆಯ ಕಂತು, ಗೃಹಸಾಲದ ಅಸಲು, ಅಂಚೆ ಕಚೇರಿಯ ಉಳಿತಾಯ ಪತ್ರ, ಇವೆಲ್ಲದರ ಜೊತೆ ಮಗಳ ಕಾಲೇಜು ಶುಲ್ಕವೂ ಅದೇ ಒಂದೂವರೆ ಲಕ್ಷದ ಚೀಲದಲ್ಲಿ ತೂರಬೇಕು. ಸಂಬಳದಾರನೊಬ್ಬನ ಭವಿಷ್ಯ ನಿಧಿ, ವಿಮೆಗಳೇ ಆ ಚೀಲವನ್ನು ಮುಕ್ಕಾಲು ಪಾಲು ತುಂಬಿಬಿಡುತ್ತವೆ. ಉಳಿತಾಯವೆಂದರೆ ಕೈಯಲ್ಲಿ ಉಳಿದ ಹಣ. ಶುಲ್ಕವೆಂದರೆ ಕೈಬಿಟ್ಟು ಹೋದ ಹಣ. ಈ ಎರಡನ್ನೂ ಒಂದೇ ಮಿತಿಯಲ್ಲಿ ಕಟ್ಟಿಹಾಕಿದವರಿಗೆ ಕೂಡುವುದೂ ಕಳೆಯುವುದೂ ಒಂದೇ ಎಂದು ಯಾರು ಹೇಳಿಕೊಟ್ಟರೋ ಕಾಣೆ.

ಇನ್ನು 'ಬೋಧನಾ ಶುಲ್ಕ'ದ ಮಾತು. ನಮ್ಮ ಮಕ್ಕಳ ರಶೀದಿಗಳನ್ನು ನಾನು ಓದಿದ್ದೇನೆ. ಬೋಧನೆಗೆ ಒಂದಿಷ್ಟು, ಪ್ರಯೋಗಾಲಯಕ್ಕೆ, ಗ್ರಂಥಾಲಯಕ್ಕೆ, ವಿಶ್ವವಿದ್ಯಾಲಯದ ನೋಂದಣಿಗೆ, 'ಕೌಶಲ್ಯ ತರಬೇತಿ'ಗೆ, ಕೊನೆಗೆ 'ಇತರೆ'. ಎಷ್ಟೋ ರಶೀದಿಗಳಲ್ಲಿ ಆ 'ಇತರೆ'ಯೇ ಬೋಧನೆಗಿಂತ ದಪ್ಪಗಿರುತ್ತದೆ. ಮಾಲೂರಿನ ಹುಡುಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಸಂಜೆ ಮರಳಬಲ್ಲ. ಅವನ ಸೀಸನ್ ಟಿಕೆಟ್ಟು ಲೆಕ್ಕಕ್ಕಿಲ್ಲ. ಮುಳಬಾಗಿಲಿಗೆ ರೈಲೇ ಇಲ್ಲ. ಅಲ್ಲಿನ ಹುಡುಗಿ ಬೆಂಗಳೂರಿನಲ್ಲಿ ಓದಬೇಕಾದರೆ ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇರಬೇಕು. ವರ್ಷದ ಆ ಖರ್ಚು ಕೆಲವೊಮ್ಮೆ ಬೋಧನಾ ಶುಲ್ಕವನ್ನೇ ಮೀರುತ್ತದೆ. ಕಾನೂನಿನ ಕಣ್ಣಿಗೆ ಅದು ಶಿಕ್ಷಣದ ಖರ್ಚೇ ಅಲ್ಲ. ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದವನ ಮಗನಿಗೆ ಈ ಖರ್ಚಿಲ್ಲ. ಅಂದರೆ ಕಾಲೇಜಿನಿಂದ ದೂರವಿರುವುದಕ್ಕೂ ಒಂದು ತೆರಿಗೆಯಿದೆ. ಅದನ್ನು ತೆರುವವರು ನಾವು. ನೀಟ್, ಸಿಇಟಿ ತರಬೇತಿ ಕೇಂದ್ರಕ್ಕೆ ಕಟ್ಟಿದ ಹಣವೂ 80ಸಿಗೆ ಸಲ್ಲದು, ಆದರೆ ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಮಾತ್ರ ಚೊಕ್ಕವಾಗಿ ಸಲ್ಲುತ್ತದೆ. ವಸೂಲಿಯ ಹೊತ್ತಿನಲ್ಲಿ ಅದು ಸೇವೆ, ರಿಯಾಯಿತಿಯ ಹೊತ್ತಿನಲ್ಲಿ ಅದು ಶಿಕ್ಷಣವಲ್ಲ.

ದೇಣಿಗೆಯನ್ನು ಹೊರಗಿಟ್ಟದ್ದು ಸರಿಯೇ ಎಂದು ಕೆಲವರು ವಾದಿಸುತ್ತಾರೆ. ತತ್ತ್ವದಲ್ಲಿ ನಾನೂ ಒಪ್ಪುತ್ತೇನೆ. ನಮ್ಮ ರಾಜ್ಯ 1984ರಲ್ಲೇ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದೂ ಕರ್ನಾಟಕದಲ್ಲೇ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ಎಂದು 1989ರ ಅಧಿಸೂಚನೆ ವೈದ್ಯಕೀಯ ಶಿಕ್ಷಣಕ್ಕೆ ದರ ಕಟ್ಟಿತ್ತು. ಸುಪ್ರೀಂ ಕೋರ್ಟು ಅದನ್ನು ಕ್ಯಾಪಿಟೇಷನ್ ಎಂದೇ ಕರೆಯಿತು. ಮರುವರ್ಷ ಉನ್ನಿಕೃಷ್ಣನ್, 2002ರಲ್ಲಿ ಟಿ.ಎಂ.ಎ. ಪೈ, ಹೀಗೆ ತೀರ್ಪುಗಳ ಸಾಲೇ ಬಂತು. ಇಷ್ಟಾದರೂ ದೇಣಿಗೆ ಸಾಯಲಿಲ್ಲ, ಹೆಸರು ಬದಲಿಸಿಕೊಂಡು ರಶೀದಿಯ ಒಳಗೇ ಬಂದು ಕುಳಿತಿತು. ಅದನ್ನು ತಡೆಯಬೇಕಾದವರು ತಡೆಯಲಿಲ್ಲ. ಅದನ್ನು ಅನಿವಾರ್ಯವಾಗಿ ಕಟ್ಟಿದ ತಂದೆಗೆ ಮಾತ್ರ ತೆರಿಗೆ ಇಲಾಖೆ 'ಇದು ನಿನ್ನ ಇಷ್ಟದ ದಾನ' ಎನ್ನುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 'ತನ್ನ ಮಕ್ಕಳು' ಎಂಬ ಮಾತು. ನಮ್ಮ ಜಿಲ್ಲೆಯಲ್ಲಿ ಓದಿದವರಲ್ಲಿ ಎಷ್ಟು ಜನರನ್ನು ಅಪ್ಪನೊಬ್ಬನೇ ಓದಿಸಿದ? ಅಣ್ಣ ತಮ್ಮನನ್ನು ಓದಿಸಿದ್ದಾನೆ, ಸೋದರಮಾವ ಅಕ್ಕನ ಮಕ್ಕಳನ್ನು ಓದಿಸಿದ್ದಾನೆ, ಅಜ್ಜ ತನ್ನ ಪಿಂಚಣಿಯಿಂದ ಮೊಮ್ಮಗಳ ಸೆಮಿಸ್ಟರ್ ಕಟ್ಟಿದ್ದಾನೆ. ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ (2007ರಿಂದ ಅದು ಚಿಕ್ಕಬಳ್ಳಾಪುರಕ್ಕೆ ಸೇರಿತು) ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗ ಬೆಂಗಳೂರಿನ ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿ ಸಂಪಾದಿಸುತ್ತ, ಸೆಂಟ್ರಲ್ ಕಾಲೇಜಿನಲ್ಲಿ ಓದಿದ. ಆತ ವಿಶ್ವೇಶ್ವರಯ್ಯ. ಅಂಥ ಮಾವನೊಬ್ಬ ಇಂದು ಶುಲ್ಕ ಕಟ್ಟಿ ರಿಟರ್ನ್ಸ್‌ನಲ್ಲಿ ತೋರಿಸಿದರೆ ಅದು ಅಸಿಂಧು. ಅಣ್ಣನದೂ ಅಸಿಂಧು, ಅಜ್ಜನದೂ ಅಸಿಂಧು. ಅವಿಭಕ್ತ ಹಿಂದೂ ಕುಟುಂಬವನ್ನು ಪ್ರತ್ಯೇಕ ತೆರಿಗೆದಾರನೆಂದು ಮಾನ್ಯ ಮಾಡಿದ ಇದೇ ಕಾನೂನು, ಆ ಕುಟುಂಬ ಮಗುವೊಂದರ ಶುಲ್ಕ ಕಟ್ಟಿದರೆ ಮುಖ ತಿರುಗಿಸುತ್ತದೆ. ಆಸ್ತಿಯ ಲೆಕ್ಕಕ್ಕೆ ಕೂಡುಕುಟುಂಬವಿದೆ, ವಿದ್ಯೆಯ ಲೆಕ್ಕಕ್ಕೆ ಇಲ್ಲ.

ನಗು ತರಿಸುವ ಸಂಗತಿಯೂ ಒಂದಿದೆ. ಸಂಬಳದ ಜೊತೆ ಕೊಡುವ ಮಕ್ಕಳ ಶಿಕ್ಷಣ ಭತ್ಯೆಗೆ, ಹಳೆಯ ನಿಯಮಾವಳಿಯಲ್ಲಿ ಇದ್ದ ವಿನಾಯಿತಿ ಮಗುವೊಂದಕ್ಕೆ ತಿಂಗಳಿಗೆ ನೂರು ರೂಪಾಯಿ. ಹಾಸ್ಟೆಲ್ ಭತ್ಯೆಗೆ ಮುನ್ನೂರು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಈ ಅಂಕಿಗಳು ಕದಲಲಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೇಟೊ ಬಾಕ್ಸ್ ಎರಡು ಸಾವಿರ ದಾಟಿ ಹರಾಜಾಯಿತಲ್ಲ, ಆ ತಿಂಗಳು ಒಂದು ಮಗುವಿನ ಶಿಕ್ಷಣಕ್ಕೆ ಸರ್ಕಾರ ಬಿಟ್ಟುಕೊಟ್ಟ ಮೊತ್ತದಲ್ಲಿ ಒಂದು ಕಿಲೋ ಟೊಮೇಟೊ ಬರುತ್ತಿರಲಿಲ್ಲ.

ಕೂಡಿಟ್ಟ ಹಣವನ್ನು ತೆಗೆಯುವಾಗ ಏನಾಗುತ್ತದೆಂದು ಹಲವರು ಕೇಳುತ್ತಾರೆ. ಸುಕನ್ಯಾ ಸಮೃದ್ಧಿ ಯೋಜನೆ 2015ರ ಜನವರಿಯಲ್ಲಿ ಆರಂಭವಾಯಿತು. ಮಗಳಿಗೆ 18 ತುಂಬಿದರೆ ಅಥವಾ ಆಕೆ ಹತ್ತನೆಯ ತರಗತಿ ಪಾಸಾದರೆ, ಇವೆರಡರಲ್ಲಿ ಯಾವುದು ಮೊದಲೋ ಆಗಿನಿಂದ, ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧದವರೆಗೆ ಓದಿಗಾಗಿ ಹಿಂಪಡೆಯಬಹುದು. ಅದಕ್ಕೆ ತೆರಿಗೆಯಿಲ್ಲ, ರಿಟರ್ನ್ಸ್‌ನಲ್ಲಿ ವಿನಾಯಿತಿಯ ಆದಾಯದ ಪಟ್ಟಿಯಲ್ಲಿ ಅದನ್ನು ಕಾಣಿಸಿದರೆ ಸಾಕು. ಒಳ್ಳೆಯ ಯೋಜನೆ, ಹೊಗಳಲು ನನಗೆ ಸಂಕೋಚವಿಲ್ಲ. ಆದರೆ ಅದರ ನಿಯಮವನ್ನು ಓದಿ ನೋಡಿ. ಪ್ರವೇಶದ ಹೊತ್ತಿನಲ್ಲಿ ಕೇಳಲಾದ 'ಶುಲ್ಕ ಮತ್ತು ಇತರ ವೆಚ್ಚ'ಗಳಷ್ಟು ಹಣ ತೆಗೆಯಬಹುದು ಎಂದಿದೆ. ಹಣಕಾಸು ಸಚಿವಾಲಯದ ಒಂದು ವಿಭಾಗಕ್ಕೆ ಕಾಲೇಜು ಕೇಳುವ 'ಇತರೆ' ಏನೆಂದು ಚೆನ್ನಾಗಿ ಗೊತ್ತಿದೆ. ಅದೇ ಸಚಿವಾಲಯದ ಕಂದಾಯ ವಿಭಾಗಕ್ಕೆ ಗೊತ್ತಿಲ್ಲ. ಒಂದೇ ರಶೀದಿ ಅಂಚೆ ಕಚೇರಿಯ ಕಿಟಕಿಯಲ್ಲಿ ಪೂರ್ತಿ ಸತ್ಯ, ತೆರಿಗೆ ಕಚೇರಿಯ ಕಿಟಕಿಯಲ್ಲಿ ಅರ್ಧಸತ್ಯ!

ಗಂಡುಮಗುವಿಗೆ ಆ ಖಾತೆಯಿಲ್ಲ. ಅವನ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟರೆ, ಮಗ ಅಪ್ರಾಪ್ತನಿರುವ ತನಕ ಅದರ ಬಡ್ಡಿ ತಂದೆತಾಯಿಗಳಲ್ಲಿ ಹೆಚ್ಚು ವರಮಾನವುಳ್ಳವರ ಆದಾಯಕ್ಕೆ ಸೇರುತ್ತದೆ. ಹಳೆಯ ಪದ್ಧತಿಯಲ್ಲಿ ಬಿಡುವುದು 1,500 ರೂಪಾಯಿ, ಹೊಸದರಲ್ಲಿ ಅದೂ ಇಲ್ಲ.

ಈಗ ಆ ಹೊಸ ಪದ್ಧತಿಯ ವಿಷಯಕ್ಕೇ ಬರೋಣ. 2020ರಲ್ಲಿ ಐಚ್ಛಿಕವಾಗಿ ಬಂದದ್ದು 2023-24ರಿಂದ ಸಹಜ ಪದ್ಧತಿಯಾಯಿತು. ಅದರಲ್ಲಿ 80ಸಿ ಇಲ್ಲ, ಶಿಕ್ಷಣ ಸಾಲದ ಬಡ್ಡಿಗೆ ರಿಯಾಯಿತಿ ನೀಡುವ 80ಇ ಕೂಡ ಇಲ್ಲ. "ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ ಸಾರ್, ಇನ್ನೇಕೆ ಗೊಣಗಾಟ?" ಎಂದು ಬ್ಯಾಂಕಿನಲ್ಲಿರುವ ನನ್ನ ಶಿಷ್ಯನೊಬ್ಬ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ತಾಲ್ಲೂಕುಗಳ ಬಹುಪಾಲು ಸಂಬಳದಾರರಿಗೆ 2025ರ ಬಜೆಟ್ಟು ನಿಜವಾದ ಉಪಕಾರ ಮಾಡಿದೆ. ಬೇಸಾಯದ ವರಮಾನಕ್ಕಂತೂ ಮೊದಲಿನಿಂದಲೂ ತೆರಿಗೆಯಿಲ್ಲ. (ಶ್ರೀನಿವಾಸಪುರದಲ್ಲಿ ಮಾವಿನ ತೋಪಿರುವ ನೌಕರರು ಒಂದನ್ನು ನೆನಪಿಡಿ: ಬೇಸಾಯದ ಆದಾಯ 5,000 ರೂಪಾಯಿ ಮೀರಿದರೆ ಸರಳವಾದ ಒಂದನೆಯ ನಮೂನೆ ನಿಮಗೆ ನಡೆಯದು.)

ಆದರೆ ಸಾಲ ಮಾಡಿ ಓದಿದ ಹುಡುಗಿಯ ಲೆಕ್ಕವನ್ನು ಮಾಡಿ ನೋಡೋಣ, ಕಪ್ಪುಹಲಗೆಯ ಮೇಲೆ ಮಾಡಿದಂತೆಯೇ. ರೇಷ್ಮೆ ಬಿಚ್ಚುವವರ ಮಗಳು; ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಓದಿ ಬೆಂಗಳೂರಿನಲ್ಲಿ ವರ್ಷಕ್ಕೆ 15 ಲಕ್ಷದ ಕೆಲಸ ಹಿಡಿದಳೆಂದುಕೊಳ್ಳಿ. ಸಾಲದ ಬಡ್ಡಿ ವರ್ಷಕ್ಕೆ ಒಂದು ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ 75,000ದ ಪ್ರಮಾಣಿತ ಕಡಿತ ಕಳೆದು, ಸೆಸ್ಸು ಸೇರಿ ಆಕೆ ಕಟ್ಟಬೇಕಾದ ತೆರಿಗೆ 97,500 ರೂಪಾಯಿ. ಪಕ್ಕದ ಮೇಜಿನಲ್ಲಿ ಅಷ್ಟೇ ಸಂಬಳದ, ಅಪ್ಪ ರೊಕ್ಕ ಕಟ್ಟಿ ಓದಿಸಿದ ಹುಡುಗನೂ ಕಟ್ಟುವುದು 97,500. ಆಕೆಯ ಕೈಯಿಂದ ಒಂದು ಲಕ್ಷ ಬಡ್ಡಿ ಹೋಗುತ್ತದೆ, ಅವನಿಂದ ಹೋಗುವುದಿಲ್ಲ. ಬೇಕಾದರೆ ಹಳೆಯ ಪದ್ಧತಿ ಆರಿಸಿಕೊಳ್ಳಲಿ ಎನ್ನುವಿರಾ? ಅಲ್ಲಿ ಬಡ್ಡಿಯ ಒಂದು ಲಕ್ಷವನ್ನೂ 80ಸಿಯ ಪೂರ್ತಿ ಒಂದೂವರೆ ಲಕ್ಷವನ್ನೂ ಕಳೆದರೂ ತೆರಿಗೆ 1,79,400! ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಆಳೆತ್ತರ. 80ಇ ಕಾಗದದ ಮೇಲೆ ಬದುಕಿದೆ. ಅಂಥ ಹುಡುಗಿಯ ಪಾಲಿಗೆ ಅದು ಸತ್ತಂತೆಯೇ.

ಬ್ಯಾಂಕಿನ ಸಾಲವಾದರೂ ಸಿಕ್ಕವರ ಮಾತಿದು. ತಾಯಿಯ ಸರವನ್ನು ಗಿರವಿ ಅಂಗಡಿಯಲ್ಲಿಟ್ಟು, ಚೀಟಿ ಕೂಗಿ, ಸ್ವಸಹಾಯ ಸಂಘದಲ್ಲಿ ಎತ್ತಿ ಶುಲ್ಕ ಕಟ್ಟಿದವರ ಬಡ್ಡಿ 80ಇಗೆ ಎಂದೂ ಸಲ್ಲಲಿಲ್ಲ.

ಇಲ್ಲಿ ನಮ್ಮವರ ಮೇಲೂ ನನಗೆ ಸಿಟ್ಟಿದೆ. ರೀಫಂಡಿನಲ್ಲಿ ಪಾಲು ಕೇಳುವ ಏಜೆಂಟರು ಕಾರ್ಖಾನೆಗಳ ಗೇಟಿನ ಬಳಿಯೇ ಸುಳಿದಾಡುತ್ತಾರೆ. ಮಕ್ಕಳಿಲ್ಲದವರಿಗೂ ಬೋಧನಾ ಶುಲ್ಕ, ಸಾಲವಿಲ್ಲದವರಿಗೂ ಸಾಲದ ಬಡ್ಡಿ ಬರೆದುಬಿಡುತ್ತಾರೆ. 2025ರ ಜುಲೈನಲ್ಲಿ ಇಲಾಖೆ ಇಂಥ ಸುಳ್ಳು ಕಡಿತಗಳ ಮೇಲೆ ದೇಶದಾದ್ಯಂತ ತಪಾಸಣೆ ನಡೆಸಿತು. ಈಗ ನಮೂನೆಯಲ್ಲೇ ಸಾಲ ಕೊಟ್ಟ ಬ್ಯಾಂಕು, ಖಾತೆ ಸಂಖ್ಯೆ, ದಿನಾಂಕಗಳನ್ನು ಕೇಳುತ್ತಾರೆ. ಸುಳ್ಳು ಸಾಬೀತಾದರೆ ದಂಡ ತೆರಿಗೆಯ ಇಮ್ಮಡಿಯವರೆಗೆ ಹೋಗುತ್ತದೆ, ಏಜೆಂಟನ ಫೋನು ಆ ಹೊತ್ತಿಗೆ ಸ್ವಿಚ್ ಆಫ್. ಸಹಿ ಯಾರದ್ದೋ ಹೊಣೆ ಅವರದ್ದು. ಅದಕ್ಕಿಂತಲೂ ಹೆಚ್ಚಿನ ನಷ್ಟವೆಂದರೆ, ಈ ಸುಳ್ಳುಗಳನ್ನು ತೋರಿಸಿಯೇ ಇಂಥ ಸೌಲಭ್ಯಗಳೇ ಬೇಡವೆಂದು ವಾದಿಸುವವರಿಗೆ ನಾವು ಆಧಾರ ಒದಗಿಸುತ್ತಿದ್ದೇವೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಶಿಕ್ಷಣದ ಖರ್ಚನ್ನು ಉಳಿತಾಯದ ಚೀಲದಿಂದ ಹೊರತೆಗೆದು ಅದಕ್ಕೇ ಪ್ರತ್ಯೇಕ ಮಿತಿ ಕೊಡಲಿ, ಅದರಲ್ಲಿ ಹಾಸ್ಟೆಲಿಗೂ ಜಾಗವಿರಲಿ. ಯಾರು ಶುಲ್ಕ ಕಟ್ಟಿದರೋ ಅವರಿಗೆ ಅದು ಸಲ್ಲಲಿ. ಬ್ಯಾಂಕ್ ಖಾತೆಯಿಂದ ಹೋದ ಹಣಕ್ಕೆ ಗುರುತಿದ್ದೇ ಇರುತ್ತದೆ, ಅಜ್ಜನೆಂದೋ ಮಾವನೆಂದೋ ಅನುಮಾನಿಸುವ ಅಗತ್ಯವಿಲ್ಲ. ಶಿಕ್ಷಣ ಸಾಲದ ಬಡ್ಡಿಯನ್ನು ಹೊಸ ಪದ್ಧತಿಯಲ್ಲೂ ಕಳೆಯಲು ಬಿಡಲಿ. ಇದೊಂದನ್ನಾದರೂ ಮಾಡಲಿ, ಉಳಿದವಕ್ಕೆ ಕಾಯಬಲ್ಲೆವು.

ಇಷ್ಟನ್ನು ಒಂದು ಮನವಿಯಾಗಿ ಬರೆದು ಹಣಕಾಸು ಸಚಿವರಿಗೂ ನಮ್ಮ ಲೋಕಸಭಾ ಸದಸ್ಯರಿಗೂ ಕಳಿಸಲು ಸಿದ್ಧಪಡಿಸಿದ್ದೇನೆ. ಕೇವಲ ವಾದಕ್ಕಿಂತ ರಶೀದಿಗಳು ಚೆನ್ನಾಗಿ ಮಾತನಾಡುತ್ತವೆ. ನಿಮ್ಮ ಮಕ್ಕಳ, ತಮ್ಮಂದಿರ, ಮೊಮ್ಮಕ್ಕಳ ಶುಲ್ಕದ ರಶೀದಿಯ ಪ್ರತಿಯನ್ನು ಹೆಸರು, ಸಂಖ್ಯೆಗಳ ಮೇಲೆ ಕಾಗದ ಅಂಟಿಸಿ ನನಗೆ ಕಳುಹಿಸಿ. ಹಣ ಕಟ್ಟಿದವರು ಮಗುವಿಗೆ ಏನಾಗಬೇಕು ಎಂಬುದನ್ನು ಅಂಚಿನಲ್ಲಿ ಒಂದು ಪದದಲ್ಲಿ ಬರೆದರೆ ಸಾಕು. ಈವರೆಗೆ ಹದಿನೇಳು ಬಂದಿವೆ. ಅದರಲ್ಲಿ ಅಪ್ಪನೊಬ್ಬನೇ ಕಟ್ಟಿದವು ಆರು.